ಮೂರ್ನಾಲ್ಕು ತಿಂಗಳ ಖರೀದಿ, ಹನ್ನೆರಡು ತಿಂಗಳ ಉತ್ಪಾದನೆ: ಖಾರದ ಪುಡಿ ಘಟಕದ ದಾಸ್ತಾನು ಲೆಕ್ಕ

ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಡಿಸೆಂಬರ್‌ನಲ್ಲಿ ಬರತೊಡಗುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಆವಕ ಏರುತ್ತ ಹೋಗುತ್ತದೆ, ಬೇಸಿಗೆ ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಖಾರದ ಪುಡಿಯ ಪೊಟ್ಟಣವನ್ನಾದರೋ ಅಂಗಡಿಗಳು ವರ್ಷವಿಡೀ ಕೇಳುತ್ತವೆ. ಮೂರ್ನಾಲ್ಕು ತಿಂಗಳಲ್ಲಿ ಕೊಂಡದ್ದನ್ನು ಹನ್ನೆರಡು ತಿಂಗಳು ಕೆಡದಂತೆ, ಕೊರತೆಯಾಗದಂತೆ, ಬಡ್ಡಿಯ ಭಾರಕ್ಕೆ ಕುಸಿಯದಂತೆ ನಡೆಸಿಕೊಂಡು ಹೋಗುವುದೇ ನಮ್ಮ ಭಾಗದ ಮಸಾಲೆ ಘಟಕಗಳಲ್ಲಿ ಉತ್ಪಾದನಾ ಯೋಜನೆ ಎಂಬ ಕೆಲಸದ ತಿರುಳು. ಹುಬ್ಬಳ್ಳಿಯ ಇಂಥದೊಂದು ಘಟಕದಲ್ಲಿ ಖರೀದಿ ಮತ್ತು ದಾಸ್ತಾನಿನ ಹೊಣೆ ಹೊತ್ತಿರುವ ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿರುವ ವಿಷಯವೊಂದಿದೆ. ದಾಸ್ತಾನು ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದು ಯಾವ ರೂಪದಲ್ಲಿ ಇರಬೇಕು ಎಂದು ಕೇಳುವವರು ಕಡಿಮೆ. ನಮ್ಮ ಕಸುಬಿನಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಈ ಎರಡನೆಯ ಪ್ರಶ್ನೆ.

ಮೆಣಸಿನಕಾಯಿಯನ್ನು ನಾವು ನಾಲ್ಕು ರೂಪಗಳಲ್ಲಿ ಇಟ್ಟುಕೊಳ್ಳಬಹುದು. ತೊಟ್ಟು ಸಹಿತ ಕಾಯಿಯಾಗಿ, ತೊಟ್ಟು ಬಿಡಿಸಿದ ಕಾಯಿಯಾಗಿ, ಚೀಲದಲ್ಲಿ ತುಂಬಿದ ಪುಡಿಯಾಗಿ, ಕೊನೆಗೆ ಪೊಟ್ಟಣವಾಗಿ. ಒಂದೊಂದು ಹಂತ ಮುಂದೆ ಹೋದಂತೆ ಮಾಲಿನ ಮೇಲೆ ಕೂಲಿ, ವಿದ್ಯುತ್ತು, ಪ್ಯಾಕಿಂಗ್ ಎಂದು ಖರ್ಚು ಏರುತ್ತದೆ, ಅದನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ಸ್ವಾತಂತ್ರ್ಯ ಇಳಿಯುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿರುವ ಕಡ್ಡಿ ಕಾಯಿಯ (ಬ್ಯಾಡಗಿ ಮೆಣಸಿನಕಾಯಿಯ ಒಂದು ಬಗೆ) ಲಾಟ್ ಒಂದನ್ನು ನಾಳೆ ಕಡಿಮೆ ಖಾರದ ಪುಡಿಗೂ ಬಳಸಬಹುದು, ಗುಂಟೂರು ಕಾಯಿಯೊಂದಿಗೆ ಬೆರೆಸಿ ಹೆಚ್ಚು ಖಾರದ ಪುಡಿಗೂ ಬಳಸಬಹುದು, ಬೇಡವೆನಿಸಿದರೆ ಕಾಯಿಯಾಗಿಯೇ ಮಾರಲೂಬಹುದು. ನೂರು ಗ್ರಾಂ ಪೊಟ್ಟಣಕ್ಕೆ ತುಂಬಿದ ಮೇಲೆ ಅದಕ್ಕೆ ಒಂದೇ ದಾರಿ.

ಇದಕ್ಕೆ ಇನ್ನೂ ಬಲವಾದ ಕಾರಣ ಬಣ್ಣ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಆಳವಾದ ಕೆಂಪು ಬಣ್ಣದಿಂದ. ಆ ಕೆಂಪಿಗೆ ಮೂಲವಾದ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು ಗಾಳಿ, ಬೆಳಕು ಮತ್ತು ಶಾಖಕ್ಕೆ ಸಿಕ್ಕಾಗ ಆಕ್ಸಿಡೀಕರಣಗೊಂಡು ಮಾಸುತ್ತವೆ. ಇಡೀ ಕಾಯಿಯಲ್ಲಿ ಸಿಪ್ಪೆಯೇ ಒಂದಿಷ್ಟು ರಕ್ಷಣೆ ಕೊಡುತ್ತದೆ. ಪುಡಿ ಮಾಡಿದೊಡನೆ ಗಾಳಿಗೆ ಒಡ್ಡಿಕೊಳ್ಳುವ ಮೇಲ್ಮೈ ಹಲವು ಪಟ್ಟು ಹೆಚ್ಚಾಗುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿಸಿದ ಕಾಯಿಯನ್ನು ತಂಪಿನಲ್ಲಿ, ಕತ್ತಲಲ್ಲಿ ಇಟ್ಟು, ಬೇಡಿಕೆ ಖಚಿತವಾದಷ್ಟನ್ನೇ ಆಗಾಗ ಕುಟ್ಟುವುದು ಸರಿಯಾದ ಕ್ರಮ. ಯಂತ್ರ ಖಾಲಿ ಇದೆ ಎಂಬ ಕಾರಣಕ್ಕೆ ಏಪ್ರಿಲ್‌ನಲ್ಲಿಯೇ ಆರು ತಿಂಗಳ ಪುಡಿ ಮಾಡಿ ಗೋದಾಮು ತುಂಬಿಸಿದರೆ ಯಂತ್ರದ ಬಳಕೆಯ ಲೆಕ್ಕ ಚೆನ್ನಾಗಿ ಕಾಣುತ್ತದೆ, ದೀಪಾವಳಿಯ ಹೊತ್ತಿಗೆ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಯಂತ್ರವನ್ನು ಸದಾ ಓಡಿಸುವುದೇ ದಕ್ಷತೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗದ ಮನೆಗಳಲ್ಲಿ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸಿ ಡಬ್ಬಿಗೆ ತುಂಬಿಡುವ ರೂಢಿ ಇದೆ, ನಿಜ. ಆದರೆ ಅದು ಒಂದು ಮನೆಯ ಲೆಕ್ಕ. ಟನ್‌ಗಟ್ಟಲೆ ಪುಡಿಯನ್ನು ಒಂದೇ ಬಣ್ಣದಲ್ಲಿ ಕೊಡುತ್ತೇವೆಂದು ಮಾತು ಕೊಟ್ಟ ಘಟಕಕ್ಕೆ ಅದು ಹೊಂದುವುದಿಲ್ಲ.

ಕಾಯಿಯಾಗಿ ಇಡುವುದೂ ಪುಕ್ಕಟೆಯಲ್ಲ. ಕ್ವಿಂಟಲಿಗೆ 30,000 ರೂಪಾಯಿಯಂತೆ 400 ಕ್ವಿಂಟಲ್ ಕಾಯಿ ಕೊಂಡರು ಎಂದು ಇಟ್ಟುಕೊಳ್ಳಿ. 1 ಕೋಟಿ 20 ಲಕ್ಷ ರೂಪಾಯಿ ಕೋಲ್ಡ್ ಸ್ಟೋರೇಜ್‌ನ ಕೋಣೆಯಲ್ಲಿ ಕುಳಿತಂತಾಯಿತು. ವರ್ಷಕ್ಕೆ ಶೇಕಡಾ 12ರ ಬಡ್ಡಿಯಾದರೆ ತಿಂಗಳಿಗೆ 1 ಲಕ್ಷ 20 ಸಾವಿರ ರೂಪಾಯಿ ಬಡ್ಡಿಗೇ ಹೋಗುತ್ತದೆ. ಬಾಡಿಗೆ, ಹಮಾಲಿ, ವಿಮೆ ಇವೆಲ್ಲ ಬೇರೆ. ಅದರ ಜೊತೆಗೆ ತೂಕದ ಇಳಿಕೆಯೂ ಇದೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಮೆಣಸಿನಕಾಯಿಯಲ್ಲಿ ತೇವಾಂಶ ಶೇಕಡಾ 11ನ್ನು ಮೀರಬಾರದು. ಅದಕ್ಕಿಂತ ಹೆಚ್ಚು ತೇವವಿರುವ ಕಾಯಿಯನ್ನು ಕೊಂಡರೆ ನೀರಿಗೂ ಮೆಣಸಿನಕಾಯಿಯ ದರವನ್ನೇ ಕೊಟ್ಟಂತಾಗುತ್ತದೆ, ಬೂಷ್ಟಿನ ಭಯವೂ ಸೇರಿಕೊಳ್ಳುತ್ತದೆ. ಹಾಗಾಗಿ ನಮ್ಮ ದಾಸ್ತಾನು ಪುಸ್ತಕದಲ್ಲಿ ಚೀಲದ ಎಣಿಕೆಯನ್ನೂ ತೂಕವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯುತ್ತೇವೆ, ತೂಕದ ಪಕ್ಕದಲ್ಲಿ ಆ ದಿನದ ತೇವಾಂಶವನ್ನೂ ನಮೂದಿಸುತ್ತೇವೆ. ಚೀಲಗಳ ಎಣಿಕೆ ಸರಿಯಿದ್ದು ತೂಕ ಮಾತ್ರ ಇಳಿದಿದ್ದರೆ ಅದು ಒಣಗಿದ್ದೋ ಅಥವಾ ಬೇರೆ ಏನಾದರೂ ಆಗಿದೆಯೋ ಎಂಬುದನ್ನು ಈ ಒಂದು ಅಂಕಣ ಹೇಳಿಬಿಡುತ್ತದೆ.

ದಾಸ್ತಾನು ನಿರ್ವಹಣೆಯ ಪಾಠಗಳಲ್ಲಿ ಎಲ್ಲರೂ ಮೊದಲು ಕಲಿಯುವುದು ಮಿತವ್ಯಯದ ಆದೇಶ ಪ್ರಮಾಣದ ಸೂತ್ರವನ್ನು. 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಇದನ್ನು ಪ್ರಕಟಿಸಿದರು. ವರ್ಷದ ಬಳಕೆಯನ್ನು ಒಂದು ಆದೇಶದ ಖರ್ಚಿನಿಂದ ಗುಣಿಸಿ, ಎರಡು ಪಟ್ಟು ಮಾಡಿ, ಒಂದು ನಗವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲ ತೆಗೆದರೆ ಒಮ್ಮೆಗೆ ಎಷ್ಟು ತರಿಸಬೇಕೆಂಬುದು ಸಿಗುತ್ತದೆ. ಬೇಡಿಕೆ ಒಂದೇ ಸಮನಾಗಿರಬೇಕು, ದರ ಬದಲಾಗಬಾರದು, ಬೇಕೆಂದಾಗ ಮಾಲು ಸಿಗುವಂತಿರಬೇಕು ಎಂಬುದು ಅದರ ಹಿಂದಿನ ಊಹೆ. ಬ್ಯಾಡಗಿ ಮೆಣಸಿನಕಾಯಿಯ ವಿಷಯದಲ್ಲಿ ಈ ಮೂರರಲ್ಲಿ ಒಂದೂ ನಿಲ್ಲುವುದಿಲ್ಲವಾದ್ದರಿಂದ ಕಾಯಿಯ ಖರೀದಿಗೆ ಈ ಸೂತ್ರ ಹಚ್ಚುವುದರಲ್ಲಿ ಅರ್ಥವಿಲ್ಲ.

ರಟ್ಟಿನ ಪೆಟ್ಟಿಗೆಗೆ ಮಾತ್ರ ಅದು ಸೊಗಸಾಗಿ ಹೊಂದುತ್ತದೆ. ಉದಾಹರಣೆಗೆ ವರ್ಷಕ್ಕೆ 24,000 ಪೆಟ್ಟಿಗೆ ಬೇಕು, ಒಂದು ಸಲ ತರಿಸಲು ಸಾಗಣೆ ಮತ್ತಿತರ ಖರ್ಚು 750 ರೂಪಾಯಿ, ಒಂದು ಪೆಟ್ಟಿಗೆಯನ್ನು ವರ್ಷವಿಡೀ ಇಟ್ಟುಕೊಳ್ಳಲು 4 ರೂಪಾಯಿ ಎಂದಾದರೆ ಒಮ್ಮೆಗೆ 3,000 ಪೆಟ್ಟಿಗೆ ತರಿಸಬೇಕೆಂದು ಲೆಕ್ಕ ಹೇಳುತ್ತದೆ. ಆಗ ತರಿಸುವ ಖರ್ಚು 6,000, ಇಡುವ ಖರ್ಚು 6,000, ಒಟ್ಟು 12,000 ರೂಪಾಯಿ. ಅದೇ 4,000 ತರಿಸಿದರೆ ಒಟ್ಟು 12,500 ಆಗುತ್ತದೆ. ಅಂದರೆ ಆದೇಶದ ಪ್ರಮಾಣ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾದರೂ ವರ್ಷಕ್ಕೆ ಬೀಳುವ ವ್ಯತ್ಯಾಸ 500 ರೂಪಾಯಿ ಮಾತ್ರ. ಈ ಸೂತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿರುವ ಸಂಗತಿ ಇದೇ. ಸರಿಯಾದ ಸಂಖ್ಯೆಯ ಆಸುಪಾಸಿನಲ್ಲಿದ್ದರೆ ಸಾಕು. ಒಂದು ಪೂರ್ತಿ ಗಾಡಿಯ ಲೋಡಿಗೆ ಹೊಂದಿಸಿಕೊಳ್ಳಲು ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿದರೆ ನಷ್ಟವೇನಿಲ್ಲ.

ವಸ್ತುಗಳನ್ನು ಅವುಗಳ ವಾರ್ಷಿಕ ಮೌಲ್ಯದ ಪ್ರಕಾರ ಎ, ಬಿ, ಸಿ ಎಂದು ವಿಂಗಡಿಸಿ, ಎ ವರ್ಗದ ಮೇಲೆ ಹೆಚ್ಚು ನಿಗಾ ಇಡಬೇಕೆಂಬುದು ಇನ್ನೊಂದು ಪ್ರಸಿದ್ಧ ಪದ್ಧತಿ. ಹಣದ ದೃಷ್ಟಿಯಿಂದ ಅದು ಸರಿ. ಆದರೆ ಉತ್ಪಾದನೆ ನಿಲ್ಲುವುದು ಹೆಚ್ಚಾಗಿ ಎ ವರ್ಗದ ಮೆಣಸಿನಕಾಯಿ ಇಲ್ಲದ್ದರಿಂದಲ್ಲ. 50 ಗ್ರಾಂ ಪೊಟ್ಟಣದ ಮುದ್ರಿತ ಫಿಲ್ಮ್ ಮುಗಿದದ್ದರಿಂದ, ಹೊಲಿಗೆ ದಾರ ಮುಗಿದದ್ದರಿಂದ, ದಿನಾಂಕ ಮುದ್ರಿಸುವ ಯಂತ್ರದ ಶಾಯಿ ಮುಗಿದದ್ದರಿಂದ. ಕೋಟಿ ರೂಪಾಯಿಯ ಕಾಯಿ ಇದ್ದು, ಪುಡಿಯೂ ಸಿದ್ಧವಾಗಿದ್ದು, ಫಿಲ್ಮ್ ಇಲ್ಲದೆ ಲಾರಿ ಖಾಲಿ ನಿಲ್ಲುವ ಸ್ಥಿತಿ ಯಾವ ಘಟಕಕ್ಕೂ ಹೊಸದಲ್ಲ. ಆದ್ದರಿಂದ ಮೌಲ್ಯದ ವರ್ಗದ ಪಕ್ಕದಲ್ಲಿಯೇ, ಇದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ, ಪೇಟೆಯಲ್ಲಿ ಅದೇ ದಿನ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಬರೆದಿಡಬೇಕು. ದಾರ ಹುಬ್ಬಳ್ಳಿಯಲ್ಲಿ ಒಂದು ತಾಸಿನಲ್ಲಿ ಸಿಗುತ್ತದೆ. ಮುದ್ರಿತ ಫಿಲ್ಮ್ ಹಾಗಲ್ಲ.

ಫಿಲ್ಮ್‌ಗೆ ನಾವು ಲೆಕ್ಕ ಹಾಕುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಹೇಳುತ್ತೇನೆ. ದಿನದ ಬಳಕೆ ಸರಾಸರಿ 12 ಕೆ.ಜಿ., ಆದೇಶ ಕೊಟ್ಟ ಮೇಲೆ ಬರಲು ಸಾಮಾನ್ಯವಾಗಿ 25 ದಿನ. ಆ ಅವಧಿಗೆ 300 ಕೆ.ಜಿ. ಬೇಕು. ಹಬ್ಬದ ಮುಂಚಿನ ಬಳಕೆ 15 ಕೆ.ಜಿ.ಗೆ ಏರಬಹುದು, ಮುದ್ರಣದವರು 35 ದಿನ ತೆಗೆದುಕೊಳ್ಳಬಹುದು. ಆಗ 525 ಕೆ.ಜಿ. ಬೇಕಾಗುತ್ತದೆ. ಎರಡರ ವ್ಯತ್ಯಾಸವಾದ 225 ಕೆ.ಜಿ. ನಮ್ಮ ಭದ್ರತಾ ದಾಸ್ತಾನು. ಉಳಿಕೆ 525 ಕೆ.ಜಿ. ಮುಟ್ಟಿದ ದಿನವೇ ಹೊಸ ಆದೇಶ ಹೋಗಬೇಕು. ಎರಡೂ ಕೆಟ್ಟ ಸಂಭವಗಳು ಒಟ್ಟಿಗೆ ಬರುತ್ತವೆಂದು ಹಿಡಿಯುವುದರಿಂದ ಈ ಲೆಕ್ಕ ತುಸು ಹೆಚ್ಚೇ ಇಟ್ಟುಕೊಳ್ಳಲು ಹೇಳುತ್ತದೆ, ಆದರೆ ಫಿಲ್ಮ್ ಕೆಡುವ ವಸ್ತುವಲ್ಲದ್ದರಿಂದ ಅದನ್ನು ಒಪ್ಪಬಹುದು. ಅದು ವ್ಯರ್ಥವಾಗುವುದು ಅದರ ಮೇಲೆ ಅಚ್ಚಾದ ವಿವರ ಬದಲಾದಾಗ. ಅದಕ್ಕಾಗಿಯೇ ಗರಿಷ್ಠ ಮಾರಾಟ ಬೆಲೆ, ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕಗಳನ್ನು ಫಿಲ್ಮ್‌ನಲ್ಲಿ ಮೊದಲೇ ಅಚ್ಚು ಹಾಕಿಸದೆ ಪ್ಯಾಕಿಂಗ್ ಸಮಯದಲ್ಲಿಯೇ ಮುದ್ರಿಸುವುದು ಕ್ಷೇಮ. ಪುಡಿಯನ್ನು ತಡವಾಗಿ ಕುಟ್ಟುವುದಕ್ಕೂ ಬೆಲೆಯನ್ನು ತಡವಾಗಿ ಮುದ್ರಿಸುವುದಕ್ಕೂ ಕಾರಣ ಒಂದೇ.

ತಡವಾಗಿ ಕುಟ್ಟುತ್ತೇವೆಂದರೆ ಯೋಜನೆಯನ್ನೂ ತಡವಾಗಿ ಮಾಡುತ್ತೇವೆಂದಲ್ಲ. ಕೋಲ್ಡ್ ಸ್ಟೋರೇಜ್‌ನಿಂದ ಹೊರತೆಗೆದ ಕಾಯಿಯನ್ನು ಒಡನೆಯೇ ಬಿಚ್ಚಿದರೆ ಹೊರಗಿನ ಬೆಚ್ಚನೆಯ ಗಾಳಿ ತಾಗಿ ಮೇಲೆ ನೀರು ಬೆವರುತ್ತದೆ. ಚೀಲ ಬಿಚ್ಚದೆ ಒಂದು ದಿನ ಇಟ್ಟು, ಹೊರಗಿನ ತಾಪಮಾನಕ್ಕೆ ಬಂದ ಮೇಲೆ ತೊಟ್ಟು ಬಿಡಿಸಲು ಕೊಡಬೇಕು. ಅದಕ್ಕೂ ಮೊದಲು ಗೇಟ್ ಪಾಸು, ಹಮಾಲರ ಹೊಂದಾಣಿಕೆ, ಬ್ಯಾಡಗಿಯಿಂದ ಹುಬ್ಬಳ್ಳಿಗೆ ಸಾಗಣೆ. ಅದರ ನಂತರ ತೊಟ್ಟು ಬಿಡಿಸುವುದು, ಮಳೆಗಾಲವಾದರೆ ಡ್ರೈಯರ್‌ನಲ್ಲಿ ಒಂದಿಷ್ಟು ಒಣಗಿಸುವುದು. ಹೀಗಾಗಿ ಗುರುವಾರ ಕುಟ್ಟಬೇಕಾದ ಲಾಟನ್ನು ವಾರದ ಮೊದಲ ದಿನವೇ ನಿಗದಿ ಮಾಡಿರಬೇಕು, ಆಮೇಲೆ ಅದನ್ನು ಬದಲಿಸಬಾರದು. ಮುಂದಿನ ವಾರದ ಯೋಜನೆಯನ್ನು ಎಷ್ಟಾದರೂ ತಿದ್ದಬಹುದು, ಈ ವಾರದ್ದನ್ನು ಮಾಲೀಕರು ಹೇಳಿದರೂ ಮುಟ್ಟುವುದಿಲ್ಲ ಎಂಬ ಶಿಸ್ತು ನಮ್ಮಲ್ಲಿ ನೆಲೆಗೊಂಡ ಮೇಲೆ ಅವಸರದ ಸಾಗಣೆಗಳು ಬಹಳ ಕಡಿಮೆಯಾದವು.

ಯಾವ ಲಾಟ್ ಮೊದಲು ಎಂಬುದೂ ಸರಳ ಪ್ರಶ್ನೆಯಲ್ಲ. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನಿಯಮ ಕೃಷಿ ಉತ್ಪನ್ನಕ್ಕೆ ಯಾವಾಗಲೂ ಸಾಲದು. ಜನವರಿಯಲ್ಲಿ ಕೊಂಡ ಗಟ್ಟಿ ಬಣ್ಣದ ಡಬ್ಬಿ ಕಾಯಿಗಿಂತ (ಬ್ಯಾಡಗಿಯ ಇನ್ನೊಂದು ಬಗೆ) ಮಾರ್ಚ್ ಕೊನೆಯಲ್ಲಿ ಕೊಂಡ ಕೊನೆಯ ಕೊಯ್ಲಿನ ಕಾಯಿ ಬೇಗ ಮಾಸಬಹುದು. ಪ್ರತಿ ಲಾಟಿಗೂ ಖರೀದಿಯ ದಿನ, ದಲಾಲರ ಅಂಗಡಿ, ತೇವಾಂಶ, ಆಸ್ಟಾ ಮಾನದ (ಅಮೆರಿಕದ ಮಸಾಲೆ ವ್ಯಾಪಾರ ಸಂಘದ ಅಳತೆ) ಬಣ್ಣದ ಮೌಲ್ಯ, ಕೋಲ್ಡ್ ಸ್ಟೋರೇಜ್‌ನ ಕೋಣೆ ಮತ್ತು ಅಟ್ಟಣೆಯ ಸಂಖ್ಯೆಗಳಿರುವ ಚೀಟಿ ಬೇಕು; ಆಗಾಗ ಮಾದರಿ ತೆಗೆದು ಬಣ್ಣ ಅಳೆಸಿ, ಮಾಸುತ್ತಿರುವ ಲಾಟನ್ನು ಗಟ್ಟಿ ಬಣ್ಣದ ಲಾಟಿನೊಂದಿಗೆ ಬೆರೆಸಿ ಮುಂದೆ ತರಬೇಕು. ಗಟ್ಟಿ ಬಣ್ಣದ್ದನ್ನೆಲ್ಲ ಮೊದಲ ತಿಂಗಳುಗಳಲ್ಲಿ ಮುಗಿಸಿಬಿಟ್ಟರೆ ನವೆಂಬರ್‌ನಲ್ಲಿ ಬೆರೆಸಲು ಏನೂ ಉಳಿಯುವುದಿಲ್ಲ.

ಈ ಯೋಜನೆಯ ಇನ್ನೊಂದು ತುದಿಯಲ್ಲಿ ಮನುಷ್ಯರಿದ್ದಾರೆ ಎಂಬುದನ್ನು ಲೆಕ್ಕದ ಹಾಳೆ ತೋರಿಸುವುದಿಲ್ಲ. ತೊಟ್ಟು ಬಿಡಿಸುವ ಕೆಲಸದಲ್ಲಿ ಹಾವೇರಿ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ದುಡಿಯುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಗುರಿ ಮುಟ್ಟಿಸಲು ವಿತರಕರಿಗೆ ರಿಯಾಯಿತಿ ಕೊಟ್ಟು ಮಾಲು ತುಂಬಿಸಿದರೆ ಆ ವಾರ ಅವರಿಗೆ ಬಿಡುವಿರುವುದಿಲ್ಲ, ಮುಂದಿನ ಹತ್ತು ದಿನ ಕೆಲಸವಿರುವುದಿಲ್ಲ. ಅಂಗಡಿಯಲ್ಲಿ ಗ್ರಾಹಕ ಕೊಳ್ಳುವ ಪ್ರಮಾಣ ಅಷ್ಟಾಗಿ ಏರಿಳಿಯದಿದ್ದರೂ ವಿತರಕರ ಆದೇಶ ಏರಿಳಿಯುತ್ತದೆ, ಕಾರ್ಖಾನೆಯ ಉತ್ಪಾದನೆ ಅದಕ್ಕಿಂತ ಹೆಚ್ಚು, ಕಚ್ಚಾಮಾಲಿನ ಖರೀದಿ ಇನ್ನೂ ಹೆಚ್ಚು ಏರಿಳಿಯುತ್ತದೆ. ಆದ್ದರಿಂದ ವಿತರಕರ ಆದೇಶದ ಮೇಲಲ್ಲ, ಅವರ ಗೋದಾಮಿನಿಂದ ಅಂಗಡಿಗಳಿಗೆ ವಾರವಾರ ಹೋದ ಮಾಲಿನ ಮೇಲೆ ಯೋಜನೆ ನಿಲ್ಲಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಹಾಗೆ ಮಾಡಿದಾಗ ಪ್ರತಿ ವಾರ ಬಹುಮಟ್ಟಿಗೆ ಒಂದೇ ಪ್ರಮಾಣದ ಕಾಯಿ ತೊಟ್ಟು ಬಿಡಿಸಲು ಹೋಗುತ್ತದೆ, ಕೂಲಿಯೂ ವಾರವಾರ ಬರುತ್ತದೆ.

ಖರೀದಿಯನ್ನು ಹಂಚುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೋಮವಾರ, ಗುರುವಾರಗಳ ಟೆಂಡರ್‌ಗೆ ಹಂಗಾಮಿನ ಉತ್ತುಂಗದಲ್ಲಿ ಲಕ್ಷಾಂತರ ಚೀಲ ಬಂದು ಬೀಳುವ ಬ್ಯಾಡಗಿಯಲ್ಲಿ 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಆಕ್ರೋಶ ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಈ ಭಾಗದವರು ಮರೆತಿಲ್ಲ. ಕೆಳದರದ ದಿನಕ್ಕಾಗಿ ಕಾದು ಒಮ್ಮೆಗೇ ಕೊಳ್ಳುವುದು ಜಾಣತನವೆಂದು ಹಲವರು ಭಾವಿಸುತ್ತಾರೆ. ಆ ದಿನ ಯಾವುದೆಂದು ಮೊದಲೇ ತಿಳಿಯುವವರು ಯಾರೂ ಇಲ್ಲ. ಒಮ್ಮೆಗೇ ಕೊಂಡ ಮಾಲಿನಲ್ಲಿ ಗುಣಮಟ್ಟ ಆರಿಸಲು ಸಮಯವೂ ಇರುವುದಿಲ್ಲ. ಅಂದಾಜು ಬೇಕಾದ ಪ್ರಮಾಣವನ್ನು ಹಂಗಾಮಿನ ಟೆಂಡರ್ ದಿನಗಳಿಗೆಲ್ಲ ಹಂಚಿ, ಒಳ್ಳೆಯ ಬಣ್ಣದ ರಾಶಿ ಕಂಡ ದಿನ ಹೆಚ್ಚು, ತೇವ ಕಂಡ ದಿನ ಕಡಿಮೆ ಕೊಳ್ಳುವುದು ನಾವು ಅನುಸರಿಸುವ ಕ್ರಮ. ಸರಾಸರಿ ದರ ಮಾರುಕಟ್ಟೆಯ ಸರಾಸರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಲಾಟುಗಳೂ ಕ್ರಮವಾಗಿ ಒಳಗೆ ಹೋಗುತ್ತವೆ.

ಉಳಿದಿರುವುದು ವರ್ಷದ ಅಂಚಿನ ಲೆಕ್ಕ. ಹೊಸ ಕಾಯಿ ಡಿಸೆಂಬರ್‌ನಲ್ಲಿ ಬರುತ್ತದೆಂದು ಹಳೆಯ ದಾಸ್ತಾನನ್ನು ಅಲ್ಲಿಗೇ ಮುಗಿಯುವಂತೆ ಯೋಜಿಸಬಾರದು. ಮೊದಲ ಕೊಯ್ಲಿನ ಕಾಯಿಯಲ್ಲಿ ತೇವ ಹೆಚ್ಚು, ಹಿಂಗಾರು ಮಳೆ ತಡವಾಗಿ ಸುರಿದರೆ ಒಣಗುವುದೂ ತಡ. ಅಕ್ಟೋಬರ್ ಕೊನೆಯಲ್ಲಿ ಕುಂದಗೋಳ, ಶಿಗ್ಗಾವಿ, ಗದಗ ಕಡೆಯ ಹೊಲಗಳನ್ನು ನೋಡಿಕೊಂಡು ಬಂದು, ಜನವರಿ ಕೊನೆಯವರೆಗೆ ಸಾಲುವಷ್ಟು ಹಳೆಯ ಕಾಯಿಯನ್ನು ಲಾಟ್ ಸಂಖ್ಯೆ ಸಹಿತ ಪಟ್ಟಿ ಮಾಡಿ, ಅದಕ್ಕಿಂತ ಹೆಚ್ಚಿರುವುದನ್ನು ನವೆಂಬರ್‌ನಲ್ಲಿ, ಹೊಸ ಮಾಲು ದರ ಇಳಿಸುವ ಮೊದಲು, ಕಾಯಿಯಾಗಿಯೇ ಮಾರಿಬಿಡುತ್ತೇವೆ.