ಎಗ್ಮೋರಿನಲ್ಲಿ ಬಾವಿಗಳ ಮೇಲೆ ನಿಂತ ಚರ್ಚು

ಚೆನ್ನೈಗೆ ಹೋಗಿದ್ದು ನೆಂಟರ ಮದುವೆಗೆ. ಊಟ ಆಯ್ತು, ಮಹಾಬಲಿಪುರ ಆಯ್ತು, ಮರೀನಾದಲ್ಲಿ ಸುಂಡಲ್ ತಿಂದಿದ್ದೂ ಆಯ್ತು. ಅದನ್ನೆಲ್ಲ ಬರೆದವರು ಬೇಕಾದಷ್ಟಿದ್ದಾರೆ, ಬಿಡಿ. ನಾನು ಹೇಳಬೇಕಾದ್ದು ಎಗ್ಮೋರಿನ ಸೇಂಟ್ ಆಂಡ್ರೂಸ್ ಚರ್ಚಿನ ವಿಷಯ. ಮದರಾಸಿನ ಸ್ಕಾಟರಿಗಾಗಿ ಕಟ್ಟಿದ್ದು. ಅಲ್ಲಿಯವರು ಸುಮ್ನೆ 'ಕರ್ಕ್' ಅಂತಾರೆ, ಸ್ಕಾಟರ ಮಾತಿನಲ್ಲಿ ಚರ್ಚು ಅಂತ ಅರ್ಥ.

ಮೈಸೂರು ಸೀಮೆಯವನಾದ ನನಗೆ ಅಲ್ಲಿ ಹೋಗಲು ಒಂದು ಕಾರಣವಿತ್ತು. ಅದನ್ನು ಕಟ್ಟಿಸಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲ್ಯಾಂಡ್. ಮೈಸೂರಿನ ಸರ್ಕಾರಿ ಭವನದಲ್ಲಿ ಕಂಬವೇ ಇಲ್ಲದ ದೊಡ್ಡ ಭೋಜನ ಶಾಲೆ ಕಟ್ಟಿದ್ದು ಇವನೇ. ಶ್ರೀರಂಗಪಟ್ಟಣದಲ್ಲಿ 112 ಅಡಿ ಅಗಲದ ಇಟ್ಟಿಗೆ ಕಮಾನು ನಿಲ್ಲಿಸಿದ್ದೂ ಇವನೇ. ಅದರ ಮೇಲೆ ಕುಣಿದರೆ ಅಲ್ಲಾಡುತ್ತಿತ್ತಂತೆ. 1809ರ ಸೈನ್ಯಾಧಿಕಾರಿಗಳ ದಂಗೆಯಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ, ಆಮೇಲೆ ಮತ್ತೆ ಸೇರಿದ.

ಸೆಂಟ್ರಲ್‌ನಿಂದ ಆಟೋದವನು ಇನ್ನೂರೈವತ್ತು ಕಿತ್ತುಕೊಂಡ. ಇನ್ನೂ ಹೊಟ್ಟೆ ಉರಿಯುತ್ತೆ. ಎಗ್ಮೋರ್ ಮೆಟ್ರೋದಲ್ಲಿ ಒಂದೇ ಸ್ಟಾಪು, ನೀವಾದರೂ ಅದರಲ್ಲೇ ಹೋಗಿ.

ಚರ್ಚಿನ ಮುಂಭಾಗ ನನಗೆ ಅಷ್ಟಕ್ಕಷ್ಟೆ. ಸಾಲು ಕಂಬ, ಮೇಲೆ ಚೂಪು ಗೋಪುರ, ಲಂಡನ್ನಿನ ಹಳೇ ಚರ್ಚೊಂದರ ನೆರಳು. ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತೆ. ಉದ್ದ ಹಜಾರ ಇರುತ್ತೆ ಅಂದುಕೊಂಡರೆ ಅಲ್ಲಿರೋದು ದುಂಡನೆಯ ಅಂಗಳ. ಸುತ್ತ 16 ಕಂಬ, ಅವುಗಳ ಮೇಲೆ ಕಡುನೀಲಿ ಗುಮ್ಮಟ, ಅದರ ತುಂಬ ಚಿನ್ನದ ನಕ್ಷತ್ರ.

ನಾನು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಿದ್ದಾಗ ಸಭೆಯ ಹಿರಿಯರೊಬ್ಬರು ಹತ್ತಿರ ಬಂದರು. ಹುಟ್ಟಿ ಬೆಳೆದಿದ್ದು ಕೆಜಿಎಫ್‌ನಲ್ಲಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಅವು ಸ್ಕಾಟ್ಲೆಂಡಿನ ಆಕಾಶದ ನಕ್ಷತ್ರ ಅಂತಾರೆ ಸಾರ್. ಆದರೆ ನೋಡಬೇಕಾದ್ದು ಕೆಳಗಡೆ."

"ಕೆಳಗೆ ಏನಿದೆ?"

"ಬಾವಿ. ಇದು ಜೌಗು ನೆಲ. ನೂರೈವತ್ತರಷ್ಟು ಬಾವಿ ಇಳಿಸಿ ಪಾಯ ಹಾಕಿದ್ದಾರೆ. ಕೆಲವು 14 ಅಡಿ, ಕೆಲವು 50 ಅಡಿ."

ಸುಟ್ಟ ಮಣ್ಣಿನ ಬಳೆ, ಇಟ್ಟಿಗೆಗಳಿಂದ ಬಾವಿ ಕಟ್ಟಿ, ಒಳಗಿನ ಮಣ್ಣು ತೋಡುತ್ತಾ ಹೋದರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಗಟ್ಟಿ ನೆಲ ಸಿಕ್ಕಾಗ ತುಂಬಿಸಿಬಿಡೋದು. ಇದು ನಮ್ಮ ಕಡೆಯ ಬಾವಿ ಕೆಲಸದವರ ವಿದ್ಯೆ. ಲಂಡನ್ ಮಾದರಿ ಗೋಪುರವನ್ನು ಹೊತ್ತು ನಿಂತಿರೋದು ಇದೇ ಅಲ್ವಾ!

"ಇಷ್ಟೊಂದು ಕಷ್ಟಪಟ್ಟು ಬೇರೆ ಚರ್ಚು ಯಾಕೆ ಬೇಕಿತ್ತು? ಆಗಲೇ ಸೇಂಟ್ ಜಾರ್ಜ್ ಇತ್ತಲ್ಲ?"

ಅವರು ನಕ್ಕರು. "ಅದು ಇಂಗ್ಲಿಷರದ್ದು, ಬಿಷಪ್ಪರ ಚರ್ಚು. ಸ್ಕಾಟರಿಗೆ ಪಾದ್ರಿಗಳ ಮೇಲೊಬ್ಬ ಬಿಷಪ್ ಆಗಲ್ಲ. ಪಾದ್ರಿ, ಸಭೆ ಆರಿಸಿದ ಹಿರಿಯರು, ಇಬ್ಬರೂ ಕೂತು ನಡೆಸಬೇಕು. ಪ್ರೆಸ್ಬಿಟೇರಿಯನ್ ಪದ್ಧತಿ ಅದೇ."

ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸ್ಕಾಟರು ದಂಡಿಯಾಗಿದ್ದರೂ 1813ರ ಚಾರ್ಟರ್, ಅಂದರೆ ಕಂಪನಿಗೆ ಬ್ರಿಟಿಷ್ ಸಂಸತ್ತು ಕೊಟ್ಟ ಸನ್ನದು, ಬರುವವರೆಗೆ ಅವರ ಪಾದ್ರಿಗಳಿಗೆ ಸರ್ಕಾರಿ ಸ್ಥಾನ ಇರಲಿಲ್ಲ. ಮದರಾಸಿಗೆ ಮೊದಲು ಬಂದವರು ಜಾನ್ ಅಲನ್. 1818ರಲ್ಲಿ ಅಡಿಗಲ್ಲು, 1821ರಲ್ಲಿ ಮೊದಲ ಆರಾಧನೆ. 1835ರಲ್ಲಿ ಇಲ್ಲಿನ ಪಾದ್ರಿಗಳು ಶುರು ಮಾಡಿದ ಪುಟ್ಟ ಶಾಲೆಯೇ ಬೆಳೆದು ಮದರಾಸ್ ಕ್ರಿಶ್ಚಿಯನ್ ಕಾಲೇಜಾಯ್ತು. ನಡುವೆ 1843ರಲ್ಲಿ ಸ್ಕಾಟ್ಲೆಂಡಿನಲ್ಲೇ ಚರ್ಚು ಒಡೆಯಿತು. ಪಾದ್ರಿಯನ್ನು ಊರಿನ ಜಮೀನುದಾರ ನೇಮಿಸಬೇಕೋ, ಸಭೆ ಒಪ್ಪಬೇಕೋ ಅನ್ನೋದೇ ಜಗಳ. ಶಾಲೆ ನಡೆಸುತ್ತಿದ್ದ ಮಿಷನರಿಗಳು ಒಡೆದು ಹೊರಬಂದವರ ಹೊಸ ಫ್ರೀ ಚರ್ಚಿನ ಕಡೆ ಹೋದರು.

"ಈಗ?"

"ಈಗ ನಾವು ಸಿಎಸ್‌ಐ, ಹಲವು ಪಂಗಡ ಸೇರಿ ಆದ ಚರ್ಚ್ ಆಫ್ ಸೌತ್ ಇಂಡಿಯಾ. ನಮಗೂ ಬಿಷಪ್ ಇದ್ದಾರೆ ಸಾರ್!"

ಹೊರಡುವಾಗ ಅವರೇ ಕೇಳಿದರು, "ಶ್ರೀರಂಗಪಟ್ಟಣದ ಕಮಾನು ಇನ್ನೂ ಇದೆಯಾ?"

"ಇಲ್ಲ, 1930ರ ದಶಕದಲ್ಲೇ ಬಿತ್ತು. ಎರಡು ತುದಿ ಉಳಿದಿದೆ."

"ಹಾಗಾದರೆ ಕೆಳಗೆ ಬಾವಿ ತೋಡಿರಲಿಲ್ಲ ಬಿಡಿ," ಅಂದರು.