ಉಸಿರಿನ ಜಾಗದಲ್ಲಿ ಟಿಕ್ ಟಿಕ್

ಗೆಳತಿಯ ಹಾಡನ್ನು ಮನೆಯಲ್ಲೇ ಧ್ವನಿಮುದ್ರಿಸಿ ಇಬ್ಬರೂ ಕೇಳಲು ಕುಳಿತಾಗ, ಪಲ್ಲವಿ ಮುಗಿದು ಅವಳು ಉಸಿರೆಳೆದುಕೊಳ್ಳುವ ಜಾಗದಲ್ಲಿ ಲಯಕ್ಕೆಂದು ಅವಳ ಹೆಡ್‌ಫೋನಿಗೆ ಕೊಟ್ಟಿದ್ದ ಮೆಟ್ರೊನೋಮಿನ ಟಿಕ್ ಟಿಕ್ ಸದ್ದು ಸಣ್ಣಗೆ ಕೇಳಿಸಿತು. ಜೋರಾದ ದನಿಯನ್ನು ತಗ್ಗಿಸಿ ಒಟ್ಟು ಮಟ್ಟವನ್ನು ಏರಿಸಲೆಂದು ಕಂಪ್ರೆಸರ್ ಹಾಕಿದ ಮೇಲಂತೂ ಅದು ಹಾಡಿಗೆ ತಾಳ ಹಾಕುವಷ್ಟು ಸ್ಪಷ್ಟವಾಯಿತು.

ತಪ್ಪು ನನ್ನದೇ. ನನಗೆ ಪ್ರಿಯವಾದ ಸೆನ್‌ಹೈಸರ್ ಎಚ್‌ಡಿ 600 ಅನ್ನು ಅವಳಿಗೆ ಕೊಟ್ಟಿದ್ದೆ. ಅದು ಓಪನ್ ಬ್ಯಾಕ್ ಹೆಡ್‌ಫೋನ್. ಹೊರಬದಿಯಲ್ಲಿ ಬರಿಯ ಜಾಲರಿಯಿರುವುದರಿಂದ ಕಿವಿಗೆ ಹೋಗುವ ಸದ್ದು ಕೋಣೆಗೂ ಹೋಗುತ್ತದೆ. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಕುಳಿತಾಗ ಹಿತವೆನಿಸುವ ಈ ಗುಣವೇ ಗಾಯಕಿಯ ತಲೆಯ ಮೇಲೆ, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿನಿಂದ ಗೇಣುದೂರದಲ್ಲಿ, ಶತ್ರುವಾಗುತ್ತದೆ. ಅದು ಕಾರ್ಡಿಯಾಯ್ಡ್ ಮೈಕ್, ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ಅಷ್ಟಾಗಿ ಹಿಡಿಯುವುದಿಲ್ಲವೆಂದು ನಾನು ಧೈರ್ಯವಾಗಿದ್ದೆ. ಆದರೆ ಹೆಡ್‌ಫೋನ್ ಇರುವುದು ಮೈಕಿನ ಮುಂದೆ, ಹಾಡುವ ಬಾಯಿಯ ಪಕ್ಕದಲ್ಲೇ ಅಲ್ಲವೇ!

ಮರುದಿನ ಹೊರಬದಿ ಮುಚ್ಚಿರುವ, ಅಂದರೆ ಕ್ಲೋಸ್ಡ್ ಬ್ಯಾಕ್, ಎಚ್‌ಡಿ 280 ಪ್ರೊ ಹೆಡ್‌ಫೋನ್ ತಂದೆ. ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೆ ತಡೆಯುತ್ತದೆಂದು ತಯಾರಕರು ಹೇಳುವ ಅದು ಕಿವಿಯನ್ನು ಬಿಗಿಯಾಗಿ ಒತ್ತುತ್ತದೆ. ಅದರಲ್ಲಿ ಸಂಗೀತ ಕೇಳಿ ಸುಖಿಸಬೇಕೆಂದು ನನಗೆ ಅನಿಸುವುದಿಲ್ಲ, ಇಲ್ಲಿ ಅದರ ಅಗತ್ಯವೂ ಇರಲಿಲ್ಲ. ಸೋರಿಕೆ ಬಹಳ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಅವಳು ಹಾಡುವಾಗ ಗಮನಿಸಿದರೆ, ಹೆಡ್‌ಫೋನಿನ ಬಲಗಡೆಯ ಕಪ್ಪನ್ನು ಮೆಲ್ಲನೆ ಕಿವಿಯ ಹಿಂದಕ್ಕೆ ಸರಿಸಿಕೊಂಡಿದ್ದಳು. ಎಡಗಡೆ ಕನ್ನಡಕದ ಕಡ್ಡಿ ಮೆತ್ತೆಯ ಅಡಿಯಲ್ಲಿ ಸಂದು ಮಾಡಿತ್ತು. ಕಿವಿ ಮುಚ್ಚಿದಾಗ ತನ್ನ ದನಿ ತಲೆಯೊಳಗೇ ಗುಂಯ್‌ಗುಟ್ಟಿ ಶ್ರುತಿ ತಿಳಿಯುವುದಿಲ್ಲವೆಂದು ಅವಳೆಂದಳು. ಅವಳಿಗೆ ಕೇಳಿಸುತ್ತಿಲ್ಲವೆಂದು ನಾನು ವಾಲ್ಯೂಮ್ ಏರಿಸುತ್ತಿದ್ದೆ, ಏರಿಸಿದಷ್ಟೂ ಆ ತೆರೆದ ಕಪ್ಪಿನಿಂದ ಸದ್ದು ನೇರವಾಗಿ ಮೈಕಿಗೆ ಸುರಿಯುತ್ತಿತ್ತು.

ಆದ್ದರಿಂದ ಅವಳು ಕೇಳುವ ಮಿಶ್ರಣವನ್ನೇ ಬದಲಿಸಿದೆ. ಬಲಗಡೆಯನ್ನು ಪೂರ್ತಿ ಮ್ಯೂಟ್ ಮಾಡಿ ಎಲ್ಲವನ್ನೂ ಒಂದೇ ಚಾನೆಲ್‌ಗೆ ಸೇರಿಸಿ (ಮೋನೋ) ಎಡಕ್ಕೆ ಕೊಟ್ಟು, ವಾದ್ಯಗಳನ್ನು ತಗ್ಗಿಸಿ, ಅವಳ ದನಿಗೆ ಚೂರು ರಿವರ್ಬ್, ಅಂದರೆ ಅನುರಣನ, ಸೇರಿಸಿದೆ. ಮೆಟ್ರೊನೋಮಿನ ಚುಚ್ಚುವಂಥ ಟಿಕ್‌ನ ಬದಲು ಮಂದವಾದ ಮರದ ಸದ್ದನ್ನಿಟ್ಟು, ಕೊನೆಯ ದೀರ್ಘ ಸ್ವರ ಆರುವ ಮೊದಲೇ ಅದು ನಿಲ್ಲುವಂತೆ ಮಾಡಿದೆ. ವಾದ್ಯಗಳ ಸೋರಿಕೆ ಒಂದೆರಡು ಕಡೆ ಉಳಿಯಿತು. ಅವೇ ವಾದ್ಯಗಳು ಅಂತಿಮ ಮಿಶ್ರಣದಲ್ಲಿ ನುಡಿಯುವಾಗ ಅದು ಮುಚ್ಚಿಹೋಗುತ್ತದೆಂದು ಬಿಟ್ಟೆ. ಶ್ರುತಿ ತಿದ್ದಬೇಕಿದ್ದ ಒಂದು ಸಾಲನ್ನು ಮಾತ್ರ ಮತ್ತೆ ಹಾಡಿಸಿದೆ, ಏಕೆಂದರೆ ದನಿಯ ಶ್ರುತಿಯನ್ನು ಸರಿಸಿದರೆ ಅದರೊಳಗಿನ ಸೋರಿಕೆಯೂ ಸರಿದು ಅಪಸ್ವರವಾಗುತ್ತದೆ. ಆ ಸಾಲಿಗೆ ಅವಳು ಕನ್ನಡಕವನ್ನೂ ತೆಗೆದಿಟ್ಟಳು. ಸಾಹಿತ್ಯವನ್ನು ನಾನು ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕಾಯಿತು.