ತೋಟ ನಮ್ಮದು, ಹಂದಿ ನಮ್ಮದಲ್ಲ

ಹೂಸ್ಟನ್‌ನಲ್ಲಿರುವ ನನ್ನ ಮೈದುನ ಫೋನ್ ಮಾಡಿದಾಗಲೆಲ್ಲ ತೋಟದ ಸುದ್ದಿ ಕೇಳುತ್ತಾನೆ. ಹೋದ ವಾರ ಅವನಿಗೆ ಒಂದು ಫೋಟೋ ಕಳಿಸಿದ್ದೆ. ಕಾಡುಹಂದಿಗಳು ರಾತ್ರಿ ಬಂದು ಬಾಳೆಯ ಬುಡವನ್ನೆಲ್ಲ ಅಗೆದು ಹಾಕಿದ ಫೋಟೋ. "ವಹಿನಿ, ಇದನ್ನೆಲ್ಲ ಯಾಕೆ ಸಹಿಸಿಕೊಳ್ತೀರಿ? ಇಲ್ಲಿ ಟೆಕ್ಸಾಸ್‌ನಲ್ಲಿ ಸ್ವಂತ ಜಮೀನಿನಲ್ಲಿ ಹಂದಿ ಹೊಡೆಯೋಕೆ ಲೈಸೆನ್ಸೂ ಬೇಡ" ಅಂದ. ಅವನ ಮಾತು ನಿಜ. 2019ರಿಂದ ಅಲ್ಲಿ ಜಮೀನಿನ ಮಾಲೀಕರು ಒಪ್ಪಿದರೆ ಸಾಕು, ಹಂದಿಗೆ ಬೇಟೆ ಲೈಸೆನ್ಸ್ ಬೇಕಾಗಿಲ್ಲ. ಫೋನಿನಲ್ಲಿ ಅವನಿಗೆ ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈದುನನಿಗೆ ಕನ್ನಡ ಓದಲು ಬಾರದು. ಆದರೆ ನಾನು ಊರಿಗೆ ಹೋದಾಗಲೆಲ್ಲ ಶಿರಸಿಯಲ್ಲಿರುವ ನನ್ನ ಅಣ್ಣನೂ ಇದೇ ಪ್ರಶ್ನೆ ಕೇಳುತ್ತಾನೆ.

ನಾವಿರುವುದು ಗೋವಾದ ಸತ್ತರಿ ತಾಲೂಕಿನಲ್ಲಿ, ವಾಳಪೈ ಪೇಟೆಯಿಂದ ಇನ್ನೂ ಒಳಗೆ. ಗೋವಾ ಎಂದರೆ ಸಮುದ್ರ, ಬೀಚು ಅಂದುಕೊಂಡು ಬಂದ ನನ್ನ ತವರಿನವರು ಮೊದಲ ಸಲ ಈ ತೋಟ ನೋಡಿ "ಇದು ನಮ್ಮೂರೇ ಅಲ್ವಾ" ಅಂದಿದ್ದರು. ಇಲ್ಲಿ ಕುಳಾಗರ ಅನ್ನುತ್ತಾರೆ. ಅಡಿಕೆ, ತೆಂಗು, ಬಾಳೆ, ಮರಕ್ಕೆ ಹಬ್ಬಿಸಿದ ಮೆಣಸು, ನಡುನಡುವೆ ಅನಾನಸ್, ಸುವರ್ಣಗಡ್ಡೆ. ಮೇಲಿನ ಗುಡ್ಡದಲ್ಲಿ ಗೇರು. ಅದರ ಆಚೆ ಮಹದಾಯಿ ಅಭಯಾರಣ್ಯ. ನಮ್ಮ ಕಡೆ ಮಹದಾಯಿ ಎಂದರೆ ನೀರಿನ ಜಗಳ ಮಾತ್ರ ನೆನಪಿಗೆ ಬರುತ್ತದೆ. ಇಲ್ಲಿ ಅದು 208 ಚದರ ಕಿಲೋಮೀಟರ್ ಕಾಡಿನ ಹೆಸರೂ ಹೌದು. 1999ರಲ್ಲಿ ಅಭಯಾರಣ್ಯ ಅಂತ ಘೋಷಣೆಯಾಯಿತು.

ಹಂದಿ ತಿಂದು ಹಾಳುಮಾಡುವುದಕ್ಕಿಂತ ಅಗೆದು ಹಾಳುಮಾಡುವುದೇ ಜಾಸ್ತಿ. ಮಳೆ ಬಿದ್ದ ಮೇಲೆ ಎರೆಹುಳಕ್ಕಾಗಿ ಅಡಿಕೆ ಮರದ ಬುಡ ಕೆದರುತ್ತದೆ. ಬೇರು ಹೊರಗೆ ಬೀಳುತ್ತದೆ. ಬೇಸಿಗೆಯಲ್ಲಿ ನೀರಿಗಾಗಿ ಪೈಪು ಕಚ್ಚುತ್ತದೆ. ಕಾಡುಕೋಣ ಬಂದರೆ ಎಳೆ ಬಾಳೆ ಉಳಿಯುವುದಿಲ್ಲ. ಎಳನೀರಿಗೆ ಮಂಗ, ತೆಂಗಿಗೆ ಕೆಂಜಳಿಲು. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಗುವುದನ್ನು ನೋಡಿದವರಿಗೆ ಸಿಟ್ಟು ಬರಲೇಬೇಕು. ನನಗೂ ಬರುತ್ತದೆ.

ತೋಟ ಕಾಯುವ ಫಕೀರಪ್ಪಣ್ಣ ಹಾವೇರಿ ಕಡೆಯವನು. ಅವನೂ ಹೆಂಡತಿಯೂ ನಮ್ಮಲ್ಲೇ ಇದ್ದಾರೆ. ಆ ಬಾಳೆ ನೋಡಿದ ಬೆಳಿಗ್ಗೆ ಅವನ ಕಣ್ಣಲ್ಲಿ ನೀರಿತ್ತು. "ಅಕ್ಕಾರ, ಬೈಕಿನ ಹಳೇ ಕ್ಲಚ್ ವೈರ್ ಐತ್ರಿ. ಹಂದಿ ಬರೋ ದಾರ್‍ಯಾಗ ಒಂದು ಉರುಲು ಕಟ್ಟಿಬಿಡ್ಲೇನ್ರಿ? ನಮ್ಮ ತ್ವಾಟದಾಗ ನಾವು ಕಟ್ಟಿದ್ರ ಯಾರ್ ಕೇಳ್ತಾರ್ರಿ?" ಅಂದ.

ಈ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಹಾಕುವುದು, ಬೋನಿಗೆ ಕೆಡವುವುದು, ವಿಷ ಇಡುವುದು, ಅಷ್ಟೇ ಏಕೆ, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. 39ನೇ ಕಲಂ ಕಾಡುಪ್ರಾಣಿಯನ್ನು ಸರ್ಕಾರದ ಸ್ವತ್ತು ಅನ್ನುತ್ತದೆ. ಅಭಯಾರಣ್ಯದಲ್ಲಿ ಸತ್ತ ಹಂದಿ ಸರ್ಕಾರದ್ದು, ನನ್ನ ಬಾಳೆ ಬುಡದಲ್ಲಿ ಸತ್ತ ಹಂದಿಯೂ ಸರ್ಕಾರದ್ದೇ. ಜಮೀನಿನ ಪತ್ರ ಯಾರ ಹೆಸರಲ್ಲಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಂತ ಕಾನೂನು ರೈತರನ್ನು ಪೂರ್ತಿ ಕೈಬಿಟ್ಟಿಲ್ಲ. 2022ರ ತಿದ್ದುಪಡಿಯ ನಂತರ ಪ್ರಾಣಿಗಳಿಗೆ ಎರಡು ಮುಖ್ಯ ಪಟ್ಟಿಗಳಿವೆ. ಹುಲಿ, ಚಿರತೆ, ಕಾಡುಕೋಣ ಒಂದನೇ ಪಟ್ಟಿಯಲ್ಲಿವೆ. ಇವು ಬೆಳೆ ಹಾಳುಮಾಡಿದವು ಅಂತ ಕೊಲ್ಲಲು ಅನುಮತಿಯೇ ಇಲ್ಲ. ಮನುಷ್ಯರ ಜೀವಕ್ಕೆ ಅಪಾಯವಾದರೆ ಅಥವಾ ವಾಸಿಯಾಗದ ಗಾಯ, ರೋಗ ಇದ್ದರೆ ಮಾತ್ರ, ಅದೂ ಹಿಡಿದು ಸಾಗಿಸಲು ಆಗದಿದ್ದಾಗ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಅದು ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾದರೆ ರಾಜ್ಯ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. 'ಯಾವುದೇ ಜಮೀನಿನಲ್ಲಿ ನಿಂತಿರುವ ಬೆಳೆ' ಕೂಡ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲ. ಆದರೆ ಬಾಳೆ ಉಳಿಸಿಕೊಳ್ಳಲು ನಮ್ಮಷ್ಟಕ್ಕೆ ನಾವೇ ಕೊಂದರೆ ಅಪರಾಧ.

ಮಾವನವರ ಹತ್ತಿರ ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸಿನ ಕೋವಿ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಊರಲ್ಲಿ ಬಹಳ ಜನ ಲೈಸೆನ್ಸ್ ಇದ್ದರೆ ಹೊಡೆಯಬಹುದು ಅಂದುಕೊಂಡಿದ್ದಾರೆ. ಕೋವಿ ಇಟ್ಟುಕೊಳ್ಳುವ ಹಕ್ಕೇ ಬೇರೆ, ಬೇಟೆಯ ಹಕ್ಕೇ ಬೇರೆ. ಕೊಡವರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2029ರವರೆಗೆ ಮುಂದುವರಿದಿದೆ. ಆದರೆ ಬೇಟೆ ಅವರಿಗೂ ನಿಷಿದ್ಧವೇ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿರುವ ಕೋವಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಆ ಸುತ್ತಳತೆಯಲ್ಲಿ ಹೊಸ ಲೈಸೆನ್ಸ್ ಸಿಗುವುದಿಲ್ಲ. ಗೋವಾದ ನಕ್ಷೆ ಇಟ್ಟುಕೊಂಡು ಮಹದಾಯಿ, ಮೊಲೆಂ, ನೇತ್ರಾವಳಿ, ಖೋತಿಗಾಂವ್ ಅಭಯಾರಣ್ಯಗಳ ಸುತ್ತ 10 ಕಿಲೋಮೀಟರ್ ಗೆರೆ ಎಳೆದು ನೋಡಿ. ಪೂರ್ವದ ತಾಲೂಕುಗಳಲ್ಲಿ ಹೆಚ್ಚಿನ ಹಳ್ಳಿಗಳು ಒಳಗೇ ಬರುತ್ತವೆ.

ಇಷ್ಟೆಲ್ಲ ಕಾನೂನು ಹೇಳಿದರೂ ಫಕೀರಪ್ಪಣ್ಣನಿಗೆ ಸಮಾಧಾನ ಆಗಲಿಲ್ಲ. ನಾನು ಅವನಿಗೆ ಕೊನೆಗೆ ಹೇಳಿದ್ದು ಚಿರತೆಯ ಕತೆ.

ಅವನು ಬರುವ ಮೊದಲು, ಒಂದು ಗೇರು ಹಂಗಾಮಿನಲ್ಲಿ, ಪಕ್ಕದ ಗುಡ್ಡದ ಗೇರುತೋಟದಲ್ಲಿ ಚಿರತೆ ಉರುಳಿಗೆ ಬಿದ್ದಿತ್ತು. ಹಣ್ಣು ಹೆಕ್ಕಲು ಹೋದ ಹೆಂಗಸರು ಓಡಿ ಬಂದು ಹೇಳಿದರು. ನಾನೇ ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಯಾರೋ ಹಂದಿಗೆ ಇಟ್ಟ ಕ್ಲಚ್ ವೈರು ಅದರ ಸೊಂಟಕ್ಕೆ ಬಿಗಿದಿತ್ತು. ಎಳೆದಷ್ಟೂ ಬಿಗಿಯುತ್ತದೆ. ಸುತ್ತ ನೆಲವನ್ನೆಲ್ಲ ಉಗುರಿನಿಂದ ಕೆರೆದು ಮಣ್ಣು ಕೆಂಪಗೆ ಎದ್ದಿತ್ತು. ಬಾಯಿಂದ ನೊರೆ. ಅದರ ಕೂಗು ನಮ್ಮ ಅಂಗಳದವರೆಗೂ ಕೇಳುತ್ತಿತ್ತು. ಡಾಕ್ಟರು ಬಂದು ಅರಿವಳಿಕೆ ಕೊಟ್ಟು ವೈರು ಕತ್ತರಿಸಿದರು. ಮೇಲೆ ನೋಡಿದರೆ ದೊಡ್ಡ ಗಾಯವೇನೂ ಕಾಣಲಿಲ್ಲ. ಬದುಕಿತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಕೆಲವೇ ದಿನಗಳಲ್ಲಿ ಅದು ಬೋನಿನಲ್ಲೇ ಸತ್ತಿತು. ಸೊಂಟಕ್ಕೆ ಬಿಗಿದ ಉರುಳು ಒಳಗಿನ ಅಂಗಗಳನ್ನು ಹಿಚುಕಿಬಿಟ್ಟಿರುತ್ತದೆ, ಗಂಟೆಗಟ್ಟಲೆ ಒದ್ದಾಡಿ ಸ್ನಾಯುಗಳೂ ಕೆಟ್ಟಿರುತ್ತವೆ, ಹೊರಗೆ ಏನೂ ಕಾಣುವುದಿಲ್ಲ ಎಂದು ಡಾಕ್ಟರು ಆಮೇಲೆ ವಿವರಿಸಿದರು.

ಆ ಉರುಳು ಕಟ್ಟಿದವನಿಗೆ ಚಿರತೆಯ ಮೇಲೆ ದ್ವೇಷವಿರಲಿಲ್ಲ. ಆದರೆ ಒಂದನೇ ಪಟ್ಟಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕೋವಿ ಹಿಡಿದವನು ಗುರಿ ಇಡುವ ಮೊದಲು ಎದುರಿಗಿರುವುದು ಹಂದಿಯೋ ಕರುವೋ ಅಂತ ನೋಡುತ್ತಾನೆ. ಉರುಳು ನೋಡುವುದಿಲ್ಲ. ದಾರಿಯಲ್ಲಿ ಬಂದ ಜಿಂಕೆ, ಚಿರತೆ, ತಿರುಗಾಡಲು ಬಿಟ್ಟ ನಮ್ಮದೇ ನಾಯಿ, ಎಲ್ಲಕ್ಕೂ ಬಿಗಿಯುತ್ತದೆ. ಸಿಡಿಮದ್ದೂ ಹಾಗೆಯೇ. ಹಂದಿಗೆ ಇಟ್ಟದ್ದನ್ನು ಕಚ್ಚಿ ದವಡೆ ಒಡೆದುಕೊಂಡ ದನವನ್ನು ನಮ್ಮ ಊರಲ್ಲಿ ಚಿಕ್ಕವಳಿದ್ದಾಗ ನೋಡಿದ್ದೇನೆ. ವಿಷವಂತೂ ಹೇಳುವುದೇ ಬೇಡ. 2020ರ ಜನವರಿಯಲ್ಲಿ ಇದೇ ಸತ್ತರಿಯ ಗೋಳಾವಳಿಯಲ್ಲಿ ತಾಯಿ ಹುಲಿ ಮತ್ತು ಮೂರು ಮರಿಗಳು ಸತ್ತವು. ಹುಲಿ ಕೊಂದ ದನದ ಹೆಣಕ್ಕೆ ವಿಷ ಹಾಕಿದ್ದರು. ದನ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗೋವಾದಂಥ ಪುಟ್ಟ ರಾಜ್ಯದಲ್ಲಿ ನಾಲ್ಕು ಹುಲಿ ಒಟ್ಟಿಗೆ ಹೋಗುವುದು ಎಂದರೆ ಏನು! ಇಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಿಸಿ ಎಂದು 2023ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಆದೇಶಿಸಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಮೈದುನನ ಟೆಕ್ಸಾಸಿಗೂ ನಮಗೂ ವ್ಯತ್ಯಾಸ ಇಲ್ಲೇ ಇದೆ. ಅಲ್ಲಿಯ ಹಂದಿ ಆ ನೆಲದ ಪ್ರಾಣಿಯೇ ಅಲ್ಲ. ಯುರೋಪಿನವರು ತಂದು ಬಿಟ್ಟ ಹಂದಿಗಳ ಸಂತಾನ ಕಾಡಿಗೆ ಸೇರಿ ಬೆಳೆದದ್ದು. ನಮ್ಮ ಹಂದಿ ಇಲ್ಲಿಯದೇ. ಹುಲಿ, ಚಿರತೆ, ಕಾಡುನಾಯಿ ಮೂರಕ್ಕೂ ಅದು ಆಹಾರ. ಕಾಡಂಚಿನಲ್ಲಿ ಹಂದಿ ಪೂರ್ತಿ ಖಾಲಿಯಾದರೆ ಚಿರತೆ ನಮ್ಮ ಕೊಟ್ಟಿಗೆಗೆ, ನಾಯಿಗೆ ಇನ್ನೂ ಹತ್ತಿರವಾಗುತ್ತದೆ.

ಹಂದಿಯನ್ನು ಪೀಡಕ ಪ್ರಾಣಿ ಎಂದು ಘೋಷಿಸಿಬಿಡಿ ಅನ್ನುವ ಒತ್ತಾಯವನ್ನು ನಾನು ಒಪ್ಪದಿರುವುದು ಇದಕ್ಕೇ. ಕೇಂದ್ರಕ್ಕೆ ಆ ಅಧಿಕಾರ ಇದೆ. 2015ರಲ್ಲಿ ಬಿಹಾರದಲ್ಲಿ ನೀಲ್‌ಗಾಯ್ ಮತ್ತು ಕಾಡುಹಂದಿಗೆ, 2016ರಲ್ಲಿ ಹಿಮಾಚಲದಲ್ಲಿ ಮಂಗಗಳಿಗೆ ಹಾಗೆ ಮಾಡಿತ್ತು. ಹಾಗೆ ಘೋಷಿಸಿದರೆ ಯಾರು ಬೇಕಾದರೂ ಅನುಮತಿ ಇಲ್ಲದೆ ಕೊಲ್ಲಬಹುದು. ನಮ್ಮಂಥ ಕಡೆ ಅದರ ಅರ್ಥ ಗುಡ್ಡದ ತುಂಬ ಕ್ಲಚ್ ವೈರು. ಕೇರಳ 2022ರಲ್ಲಿ ಹಿಡಿದ ದಾರಿ ಇದಕ್ಕಿಂತ ಒಳ್ಳೆಯದು ಅನಿಸುತ್ತದೆ. ಅಲ್ಲಿ ಉಪದ್ರವ ಕೊಡುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೇ ಕೊಟ್ಟರು. ಲೈಸೆನ್ಸ್ ಇರುವವರೇ ಹೊಡೆಯಬೇಕು. ವಿಷ, ಸಿಡಿಮದ್ದು, ವಿದ್ಯುತ್ ಬಳಸುವಂತಿಲ್ಲ. ಮಾಂಸ ತಿನ್ನುವ ಹಾಗಿಲ್ಲ, ಹೂಳಬೇಕು. ಮಾಂಸ ಸಿಗದಿದ್ದರೆ ಬೆಳೆಯ ನೆಪದಲ್ಲಿ ಶಿಕಾರಿ ಮಾಡುವವರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ನಮ್ಮ ಪರಿಹಾರದ ಅರ್ಜಿಯ ಕತೆ ಇಲ್ಲಿ ಹೇಳಲೇಬೇಕು. ಹಂದಿ ಅಗೆದ ಮರುದಿನವೇ ಫೋಟೋ ಸಮೇತ ಅರ್ಜಿ ಕೊಟ್ಟಿದ್ದೆವು. ಸ್ಥಳ ನೋಡಲು ಸಂಬಂಧಪಟ್ಟ ಕಚೇರಿಯವರು ಬರುವಷ್ಟರಲ್ಲಿ ಮಳೆಗೆ ಗುಂಡಿ ಮುಚ್ಚಿ ಹುಲ್ಲು ಬೆಳೆದಿತ್ತು. ನಮಗಾದರೆ ಒಂದು-ಹದಿನಾಲ್ಕರ ನಮೂನೆಯಲ್ಲಿ ಹೆಸರಿದೆ. (ಇಲ್ಲಿ ಪಹಣಿಗೆ ಹಾಗೆ ಹೇಳುತ್ತಾರೆ.) ಸತ್ತರಿಯಲ್ಲಿ ತಲೆಮಾರುಗಳಿಂದ ಉಳುತ್ತಿದ್ದರೂ ಜಮೀನು ಹೆಸರಿಗೆ ಆಗದ ಕುಟುಂಬಗಳು ಬಹಳ. ಅವರು ಯಾವ ಕಾಗದ ಹಿಡಿದು ಪರಿಹಾರ ಕೇಳಬೇಕು? ಉರುಳು ಕಟ್ಟಿದವನನ್ನು ಜೈಲಿಗೆ ಹಾಕುವುದು ಸರಿಯೇ. ಆದರೆ ಅದಕ್ಕೂ ಮುಂಚೆ ಅವನ ಅರ್ಜಿ ಎಷ್ಟು ದಿನ ಮೇಜಿನ ಮೇಲಿತ್ತು ಅಂತಲೂ ಕೇಳಬೇಕಲ್ವಾ?

ಬೇಲಿಯ ಬಗ್ಗೆ ನನ್ನ ಅನುಭವ ಕೇಳುವವರಿಗೆ ಒಂದೆರಡು ಮಾತು. ನಾವು ಸೋಲಾರ್ ಬೇಲಿ ಹಾಕಿಸಿದ್ದೇವೆ. ಅದರಲ್ಲಿ ವಿದ್ಯುತ್ ಒಂದೇ ಸಮನೆ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ಮನೆಯ ಲೈನಿನಿಂದ ನೇರ ಕರೆಂಟ್ ಕೊಡುವುದು ಕೊಲೆಗೆ ಸಮ, ದಯವಿಟ್ಟು ಯಾರೂ ಮಾಡಬೇಡಿ. ಹಂದಿಗೆ ಕೆಳಗಿನ ತಂತಿಯೇ ಮುಖ್ಯ, ನೆಲದಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ಇರಬೇಕು. ಆದರೆ ಮಳೆಗಾಲದಲ್ಲಿ ಹುಲ್ಲು ಬೆಳೆದು ಅದಕ್ಕೇ ತಾಗುತ್ತದೆ, ಕರೆಂಟೆಲ್ಲ ಹುಲ್ಲಿಗೆ ಹೋಗುತ್ತದೆ. ಹಾಗಾಗಿ ಹುಲ್ಲು ಸವರುತ್ತಲೇ ಇರಬೇಕು. ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಹಿಡಿಯುವುದಿಲ್ಲ. ಅರ್ಥಿಂಗ್ ಸಲಾಕೆಯ ಬುಡಕ್ಕೆ ಫಕೀರಪ್ಪಣ್ಣ ಈಗ ಪಾತ್ರೆ ತೊಳೆದ ನೀರು ಹೋಗುವ ಹಾಗೆ ಕಾಲುವೆ ಮಾಡಿದ್ದಾನೆ. ಆಮೇಲೆ ಹೊಡೆತ ಚೆನ್ನಾಗಿದೆ. ಮಂಗಗಳಿಗೆ ಮಾತ್ರ ಈ ಬೇಲಿ ಲೆಕ್ಕಕ್ಕಿಲ್ಲ.

ಒಬ್ಬರೇ ಬೇಲಿ ಹಾಕಿದರೆ ಹಂದಿ ಪಕ್ಕದವರ ಗದ್ದೆಗೆ ಹೋಗುತ್ತದೆ, ಆ ಪಕ್ಕದವರ ಹತ್ತಿರ ಬೇಲಿಗೆ ದುಡ್ಡಿರುವುದಿಲ್ಲ. ಅದಕ್ಕೇ ಮುಂದಿನ ಗ್ರಾಮಸಭೆಗೆ ಮರಾಠಿಯಲ್ಲಿ ಒಂದು ಅರ್ಜಿ ಬರೆದಿದ್ದೇನೆ. ನಮ್ಮ ವಾಡೆಗೆಲ್ಲ (ಅಂದರೆ ಕೇರಿಗೆಲ್ಲ) ಸೇರಿ ಒಂದೇ ಬೇಲಿ, ಜಮೀನು ಹೆಸರಿಗೆ ಇಲ್ಲದವರನ್ನೂ ಸೇರಿಸಿ. ಬೆಳೆ ಹಾನಿಯ ಸ್ಥಳ ಪರಿಶೀಲನೆಗೆ ದಿನದ ಗಡುವು. ಮಳೆಗಾಲ ಮುಗಿದ ಕೂಡಲೇ ಫಾರೆಸ್ಟ್ ಗಾರ್ಡುಗಳ ಜೊತೆ ಊರವರೂ ಸೇರಿ ಕಾಡಂಚಿನಲ್ಲೂ ಖಾಸಗಿ ಗೇರುತೋಟಗಳಲ್ಲೂ ನಡೆದು ಉರುಳು ಹುಡುಕಿ ತೆಗೆಯುವುದು. ಈ ಕೊನೆಯದಕ್ಕೆ ಕೆಲವು ತೋಟದವರು ಇನ್ನೂ ಒಪ್ಪಿಲ್ಲ. "ನಮ್ಮ ಜಾಗಕ್ಕೆ ಗಾರ್ಡು ಯಾಕೆ ಬರಬೇಕು" ಅನ್ನುತ್ತಾರೆ. ಮಾವನವರ ಸಹಿ ಆಗಿದೆ. ಚಿರತೆ ಸಿಕ್ಕ ಆ ಗೇರುತೋಟದ ಯಜಮಾನರ ಮನೆಗೆ ಈ ಭಾನುವಾರ ಹೋಗುವವಳಿದ್ದೇನೆ.